ಆರನೆಯ ಆದ್ಯಾ

ಹೆಸರಿನ ವಿಷಯಕ್ಕೆ ನಾನು ಕೈ ಹಾಕಿದರೆ ಸಾಕು, ಎಡವಟ್ಟು. ಒಮ್ಮೆ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಹುಟ್ಟಿದಾಗಿನಿಂದ ಆಗುತ್ತಲೇ ಬಂದರೆ ಏನು ಮಾಡಬೇಕು, ನೀವೇ ಹೇಳಿ.

೧. ಸಣ್ಣ ಶರಣಮ್ಮ

ಕೆಂಭಾವಿಯ ಶಾಲೆಯಲ್ಲಿ ನಮ್ಮ ವರ್ಗಕ್ಕೆ ನಾಲ್ವರು ಶರಣಮ್ಮಂದಿರು. ಮಾಸ್ತರರು ದೊಡ್ಡ ಶರಣಮ್ಮ, ಕರಿ ಶರಣಮ್ಮ, ಬಾವಿಕಡಿ ಶರಣಮ್ಮ, ಸಣ್ಣ ಶರಣಮ್ಮ ಎಂದು ವಿಂಗಡಿಸಿದ್ದರು. ಸಣ್ಣವಳು ನಾನು. "ಶರಣಮ್ಮ, ಕೈ ಚಾಚು" ಎಂದು ಅವರು ಗದರಿದರೆ ಉಳಿದ ಮೂವರೂ ನನ್ನ ಕಡೆ ನೋಡುತ್ತಿದ್ದರು. ತಪ್ಪು ಯಾರದಾದರೂ ಏಟು ನನಗೆ. ಒಂದು ದಿನ ಅಳುತ್ತ ಮನೆಗೆ ಬಂದು ಶಪಥ ಮಾಡಿದೆ: ನನಗೆ ಮಗಳು ಹುಟ್ಟಿದರೆ, ಕರೆದಾಗ ಅವಳೊಬ್ಬಳೇ ತಿರುಗಿ ನೋಡುವಂಥ ಹೆಸರಿಡಬೇಕು.

ಈಗ ನನ್ನ ತೂಕ ಎಪ್ಪತ್ತೆಂಟು ಕಿಲೊ. ಮೊನ್ನೆ ಊರಿನ ಸಂತೆಯಲ್ಲಿ ಅದೇ ಮಾಸ್ತರರು ಸಿಕ್ಕರು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನೀ ಸಣ್ಣ ಶರಣಮ್ಮ ಅಲ್ಲೇನವಾ?" ಎಂದು ಜೋರಾಗಿ ಕೇಳಿದರು. ಕಾಯಿಪಲ್ಲೆಯವರೆಲ್ಲ ತಕ್ಕಡಿ ಕೆಳಗಿಟ್ಟು ನನ್ನನ್ನು ನೋಡಿದರು.

೨. ಸುಂಬಳದ ಆದ್ಯಾ

ಮುಂದೆ ಶಹಾಪುರದಲ್ಲಿ ಅಂಗನವಾಡಿ ಟೀಚರ್ ಆದೆ. ಲಗ್ನವಾದ ಹೊಸದರಲ್ಲಿ 'ಆದ್ಯಾ' ಎಂಬ ಹೆಸರನ್ನು ಎಲ್ಲೋ ಕೇಳಿ, ಮಗಳಿಗೆ ಇದೇ ಎಂದು ಗಟ್ಟಿ ಮಾಡಿಕೊಂಡಿದ್ದೆ. ಮಗಳು ಏಳು ವರ್ಷ ಬರಲೇ ಇಲ್ಲ. ಅಷ್ಟರಲ್ಲಿ ನನ್ನ ಹಾಜರಿ ಪುಸ್ತಕಕ್ಕೇ ಐದು ಆದ್ಯಾಗಳು ಬಂದರು. "ಆದ್ಯಾ, ಉಪ್ಪಿಟ್ಟು ತಗೋ" ಎಂದರೆ ಐದು ತಟ್ಟೆ ಮುಂದೆ ಬರುತ್ತಿದ್ದವು. ಬೇರೆ ದಾರಿ ಕಾಣದೆ, ಹೇಳಲು ನಾಚಿಕೆಯಾಗುತ್ತದೆ, ಮಾಸ್ತರರು ಮಾಡಿದ್ದನ್ನೇ ನಾನೂ ಮಾಡಿದೆ.

ಒಂದು ದಿನ ಮೇಲಿನ ಅಧಿಕಾರಿ ಬಂದವರು ಮೂಗು ಸೋರುತ್ತಿದ್ದ ಒಂದು ಕೂಸಿನ ಗಲ್ಲ ಹಿಡಿದು ಹೆಸರು ಕೇಳಿದರು. ಅದರ ತಾಯಿ ಪಕ್ಕದಲ್ಲೇ ಇದ್ದಳು.

"ಸುಂಬಳದ ಆದ್ಯಾರಿ" ಎಂದಿತು ಕೂಸು.

"ಯವ್ವಾ! ಇದ್ಯಾರ ಇಟ್ಟಾರ ನಿನಗ?" ಎಂದು ತಾಯಿ ಚೀರಿದಳು.

ಕೂಸು ಅಧಿಕಾರಿಯ ಕೈ ಹಿಡಿದುಕೊಂಡು ಬಂದು ನನ್ನ ಮುಂದೆ ನಿಲ್ಲಿಸಿತು.

೩. ಇಬ್ಬನಿ

ಅಂತೂ ನಾನು ಬಸುರಿಯಾದೆ. ಈ ಸಲ 'ಇಬ್ಬನಿ' ಎಂದು ಯೋಚಿಸಿದೆ. ನಮ್ಮ ಬಿಸಿಲಿಗೆ ಹೆಸರಾದರೂ ತಂಪಾಗಿರಲಿ ಎಂದು. ಖುಷಿ ತಡೆಯದೆ, ನಾವು ಬಾಡಿಗೆಗಿದ್ದ ಮನೆಯ ಮಾಲಕಿಗೆ ಹೇಳಿಬಿಟ್ಟೆ. ಎಂಟನೆಯ ತಿಂಗಳಲ್ಲಿ ಆ ಅಮ್ಮ ಒಂದು ಬಟ್ಟಲು ಗಿಣ್ಣ ತಂದುಕೊಟ್ಟರು.

"ನಮ್ಮ ಎಮ್ಮಿ ಈದದರಿ ಟೀಚರ್. ಹೆಣ್ಣ ಕರಾ. ನೀವ್ ಹೇಳಿದ ಹೆಸರು ಭಾಳ ಛಲೋ ಅನಸ್ತು, ಅದನ್ನ ಇಟ್ಟೀವಿ. ಇಬ್ಬನಿ ಅಂದ್ರ ಸಾಕು, ಆಗಲೇ ಕಿವಿ ನಿಗರಸ್ತಾಳ!"

ಬಾಯಲ್ಲಿ ಗಿಣ್ಣ ಇಟ್ಟುಕೊಂಡೇ ಅತ್ತೆ. ರುಚಿಯಾಗಿತ್ತು, ಅದು ಇನ್ನೂ ಸಂಕಟ. ನನ್ನ ಗಂಡ ಸಮಾಧಾನ ಮಾಡಿದರು: "ಅಳಬ್ಯಾಡ. ಅವರೇನು ಕರಕ್ಕ ಜನನ ಪ್ರಮಾಣಪತ್ರ ಮಾಡಸ್ತಾರೇನು? ಕಾಗದದ ಮ್ಯಾಲ ಹೆಸರು ನಮ್ಮದಾ."

೪. ಗುದ್ದು

ಹೆರಿಗೆಗೆ ಕೆಂಭಾವಿಗೆ ಹೋದೆ. ನಸುಕಿನಲ್ಲಿ ಮಗಳು ಹುಟ್ಟಿದಳು. ಕಿಟಕಿಯ ಮಸುಕು ಬೆಳಕಿನಲ್ಲಿ ಅವಳ ಮುಖ ನೋಡಿದೆ. 'ನಸುಕು' ಎಂದೇ ಇಡಬೇಕು ಅನಿಸಿತು. ಈ ಹೆಸರು ಯಾದಗಿರಿ ಜಿಲ್ಲೆಯಲ್ಲಿ ಮನುಷ್ಯರಿಗೂ ಇರಲಿಲ್ಲ, ದನಗಳಿಗೂ ಇರಲಿಲ್ಲ.

ಈ ಸಲ ಬಾಯಿ ಬಿಡಲಿಲ್ಲ. ಗಂಡನಿಗೂ ಹೇಳಲಿಲ್ಲ, ಅವರು ಮೊಬೈಲ್ ಸ್ಟೇಟಸ್ಸಿಗೆ ಹಾಕುವ ಜಾತಿ. ಆದರೆ ತೊಟ್ಟಿಲಲ್ಲಿ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಅದರ ಸೋದರತ್ತೆ. ಹಾಗಾಗಿ ನಾದಿನಿಗೆ ಫೋನಿನಲ್ಲಿ ಹೇಳಿ, ದೇವರ ಮೇಲೆ ಆಣೆ ಹಾಕಿಸಿಕೊಂಡೆ. ಪಾಪ, ಅವಳು ಸುರಪುರದಿಂದ ಬಸ್ಸಿನುದ್ದಕ್ಕೂ ಅದನ್ನೇ ಜಪಿಸುತ್ತ ಬಂದಳು.

ನಾದಿನಿ ತೊಟ್ಟಿಲ ಮೇಲೆ ಬಗ್ಗಿದಳು. ಆಗ ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮಲ್ಲಿ ಪದ್ಧತಿ. ಎಲ್ಲರೂ ಮೆಲ್ಲಗೆ ಗುದ್ದಿದರು. ನನ್ನ ದೊಡ್ಡವ್ವ ಮಾತ್ರ ಒಣಮೆಣಸಿನಕಾಯಿ ಕುಟ್ಟಿ ಪಳಗಿದ ಕೈಯನ್ನು ಪೂರ್ತಿ ಬಿಟ್ಟಳು. ನಾದಿನಿ "ಯಪ್ಪಾ" ಎಂದು ನೆಟ್ಟಗಾದಳು.

"ಏನ್ ಹೆಸರವಾ?" ಎಲ್ಲರೂ ಕೇಳಿದರು.

ಅವಳು ನನ್ನನ್ನೇ ಪಿಳಿಪಿಳಿ ನೋಡಿ, "ಆದ್ಯಾ!" ಎಂದಳು.

ಜೋಗುಳ ಶುರುವಾಗಿಬಿಟ್ಟಿತು. ನಾನು ಅವಳ ರಟ್ಟೆ ಹಿಡಿದು ಒಳಗೆ ಎಳೆದೆ.

"ತಪ್ಪಾತು ವೈನಿ. ತೊಟ್ಟಲ ತನಕ ಬಾಯಾಗಾ ಇತ್ತು. ಆ ಗುದ್ದಿಗಿ ಎಲ್ಲಿ ಹೋತೋ! ನನ್ನ ಮಗಳ ಹೆಸರ ಬಾಯಿಗಿ ಬಂತು."

ಬದಲಿಸೋಣ ಎಂದೆ. "ಕೂಸಿನ ಕಿವ್ಯಾಗ ಬಿದ್ದದ್ದು ವಾಪಸ್ ತಗಿಯಾಕ ಬರತದೇನು?" ಎಂದರು ಅತ್ತೆ. ಅಷ್ಟರಲ್ಲಿ ಗಂಡ ಸ್ಟೇಟಸ್ ಹಾಕಿಯಾಗಿತ್ತು.

ಈಗ ಮಗಳಿಗೆ ಮೂರು ವರ್ಷ. ನನ್ನದೇ ಅಂಗನವಾಡಿ, ನನ್ನದೇ ಅಕ್ಷರದಲ್ಲಿ ಹಾಜರಿ. ಹಳೆಯ ಐವರು ಶಾಲೆಗೆ ಹೋದರೂ ಹೊಸ ಐವರು ಬಂದಿದ್ದಾರೆ, ಇವಳು ಆರನೆಯ ಆದ್ಯಾ. ಸಂಜೆ ಬಾಗಿಲಲ್ಲಿ ನಿಂತು ಕೂಗಿದರೆ ಓಣಿಯ ಮೂರು ಮನೆಗಳಿಂದ "ಬಂದೆ" ಎನ್ನುತ್ತಾರೆ. ನನ್ನ ಮಗಳು ಆಟದಿಂದ ತಲೆಯನ್ನೇ ಎತ್ತುವುದಿಲ್ಲ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಕಲಿತುಬಿಟ್ಟಿದ್ದಾಳೆ. ಅದೇ ಹೊತ್ತಿಗೆ ಮಾಲಕಿ "ಇಬ್ಬನೀ" ಎಂದು ಒಂದೇ ಸಲ ಕರೆಯುತ್ತಾರೆ. ಇಡೀ ಓಣಿಯಲ್ಲಿ ಒಂದೇ ತಲೆ ತಿರುಗುತ್ತದೆ, ಕೋಡಿನ ಸಮೇತ.

ನಿನ್ನೆ ಅವರು ನಗುತ್ತ ಬಂದರು. "ನಮ್ಮ ಇಬ್ಬನಿ ಗಬ್ಬಾಗ್ಯಾಳ್ರಿ ಟೀಚರ್. ನಿಮ್ಮ ಕಡಿ ಇನ್ನೊಂದು ಛಲೋ ಹೆಸರು ಅದ ಏನ್ರಿ?"

'ನಸುಕು' ಮೂರು ವರ್ಷದಿಂದ ನನ್ನ ಹತ್ತಿರ ಹಾಗೇ ಬಿದ್ದಿತ್ತು. ಕೊಟ್ಟುಬಿಟ್ಟೆ.