ಹಾಸ್ಟೆಲ್ ಲೀಡರುಗಳಿಗೆ ನಾನು ಹೇಳಿದ ಸುರಕ್ಷತೆಯ ಮಾತು

ಇನ್ನೊಬ್ಬರಿಗೆ ಎಚ್ಚರಿಕೆ ಹೇಳುವುದರಲ್ಲಿ ಒಂದು ಸುಖವಿದೆ. ಹೇಳುವಷ್ಟು ಹೊತ್ತೂ ನಮಗೆ ಮಾತ್ರ ಏನೂ ಆಗುವುದಿಲ್ಲ ಎಂಬ ಧೈರ್ಯ ತಾನಾಗಿ ಬಂದುಬಿಡುತ್ತದೆ. ನನ್ನ ಮಟ್ಟಿಗೆ ಈ ಧೈರ್ಯ ಬಹಳ ಅಗತ್ಯ. ಏಕೆಂದರೆ ನಾನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸ್ಕೂಟರಿನಿಂದ ಬಿದ್ದು ಮೊಣಕೈ ತರಚಿಕೊಂಡವನು. ಬೀಗ ಹಾಕುವಾಗ ಬಾಗಿಲ ಸಂದಿಗೆ ಸ್ವಂತ ಬೆರಳನ್ನೇ ಸಿಕ್ಕಿಸಿಕೊಂಡವನು. ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಅಪ್ಪ, ಚಿಕ್ಕಪ್ಪ, ಸೋದರತ್ತೆ ಎಲ್ಲರೂ ಮಗ್ಗದಲ್ಲಿ ಕೂತವರೇ. ನನ್ನನ್ನು ಮಾತ್ರ ಚಿಕ್ಕಂದಿನಲ್ಲಿ ಮಗ್ಗದ ಗುಂಡಿಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. "ಅವ್ನು ಓದ್ಕಳ್ಳಿ ಬುಡಿ. ಇಲ್ಲಿಗೆ ಬಂದ್ರೆ ನೂಲೂ ಆಳಾಯ್ತದೆ, ಅವ್ನೂ ಆಳಾಯ್ತಾನೆ" ಎಂದು ಅಜ್ಜಿ ತೀರ್ಮಾನ ಮಾಡಿದ್ದರಿಂದಲೇ ನಾನು ಎಂ.ಎ. ಓದಿ ನಮ್ಮೂರಿನ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾದೆ. ಅಂಥ ನನ್ನನ್ನು ಕರೆದು ನಮ್ಮ ಪ್ರಿನ್ಸಿಪಾಲರು ಹಾಸ್ಟೆಲುಗಳ ಸುರಕ್ಷತಾ ಸಮಿತಿಯ ಸಂಚಾಲಕನನ್ನಾಗಿ ಮಾಡಿದರು. ಅವರಿಗೆ ನನ್ನ ಮನೆಯ ಇತಿಹಾಸ ಗೊತ್ತಿರಲಿಲ್ಲ. ಗೊತ್ತಿದ್ದ ನನ್ನ ಹೆಂಡತಿ ಸುಮಿತ್ರ ಸುದ್ದಿ ಕೇಳಿ, ಹೆಚ್ಚುತ್ತಿದ್ದ ತರಕಾರಿಯನ್ನು ಪಕ್ಕಕ್ಕಿಟ್ಟು ಸಾವಕಾಶವಾಗಿ ನಕ್ಕಳು.

ಸಂಚಾಲಕನ ಕೆಲಸವೆಂದರೆ ಹಾಸ್ಟೆಲ್ ಲೀಡರುಗಳಿಗೆ ಬುದ್ಧಿ ಹೇಳುವುದು. ನಮ್ಮಲ್ಲಿ ಇರುವುದು ಎರಡು ಹಾಸ್ಟೆಲು. ಹುಡುಗರ ಹಾಸ್ಟೆಲಿನ ಲೀಡರ್ ಮಾದೇವಸ್ವಾಮಿ. ಧನಗೆರೆ ಕಡೆಯ ರೈತರ ಮನೆಯವನು, ಕೊನೆಯ ವರ್ಷದ ಬಿ.ಎ., ಎತ್ತರದ ಆಳು, ಮಾತು ಕಡಿಮೆ. ಹುಡುಗಿಯರ ಹಾಸ್ಟೆಲಿಗೆ ಸೆಲ್ವಿ. ಅವಳ ಊರು ಗೋಪಿನಾಥಂ. ಅವಳ ತಂದೆ ಹೊಳೆಯಲ್ಲಿ ತೆಪ್ಪ ಹಾಕುವವರು. ಮನೆಯಲ್ಲಿ ತಮಿಳು, ಹಾಸ್ಟೆಲಿನಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ನಾನು ಇವರಿಬ್ಬರನ್ನು ಸೇರಿಸಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿ ಅದಕ್ಕೆ 'ಸುರಕ್ಷತಾ ಸುದ್ದಿ' ಎಂದು ಹೆಸರಿಟ್ಟೆ. ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ, ಎಲ್ಲೋ ಯಾವುದೋ ಹಾಸ್ಟೆಲಿನಲ್ಲಿ ಆದ ಅನಾಹುತವನ್ನು ಹುಡುಕಿ ತೆಗೆದು ಹಾಕುತ್ತಿದ್ದೆ. ಬಕೀಟಿಗೆ ಬಿಟ್ಟ ಹೀಟರಿನಿಂದ ಶಾಕ್ ಹೊಡೆದದ್ದು, ದಿಂಬಿನ ಕೆಳಗೆ ಚಾರ್ಜಿಗಿಟ್ಟ ಫೋನು ಸುಟ್ಟದ್ದು, ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಗೋಳುಹೊಯ್ದುಕೊಂಡು ಪೊಲೀಸ್ ಠಾಣೆ ಸೇರಿದ್ದು. ಪ್ರತಿಯೊಂದರ ಕೆಳಗೂ ನನ್ನ ಸ್ವಂತ ಸಲಹೆ, ಅಲ್ಪಪ್ರಾಣ ಮಹಾಪ್ರಾಣ ತಪ್ಪದ ಶುದ್ಧ ಕನ್ನಡದಲ್ಲಿ. ಮಾದೇವಸ್ವಾಮಿ 'ಓಕೆ ಸಾ' ಎಂದು ಹಾಕುತ್ತಿದ್ದ. ಸೆಲ್ವಿ ಒಂದು ಹೆಬ್ಬೆರಳು ಒತ್ತುತ್ತಿದ್ದಳು. ಎರಡು ಹಾಸ್ಟೆಲುಗಳೂ ನನ್ನಿಂದಾಗಿ ಕ್ಷೇಮವಾಗಿವೆ ಎಂದುಕೊಂಡು ನಾನು ತಿಂಡಿಗೆ ಕೂರುತ್ತಿದ್ದೆ.

ಹಾಗಿರುವಾಗ ಪ್ರಿನ್ಸಿಪಾಲರು ಒಂದು ದಿನ ಕೋಣೆಯ ಬಾಗಿಲು ಹಾಕಿಸಿ ಕೇಳಿದರು: "ಈ ಹೊಳೆ ಸ್ವಾಗತ ಅಂದ್ರೆ ಏನ್ರೀ?" ನನಗೆ ಗೊತ್ತಿರಲಿಲ್ಲ. ಅವರೇ ವಿವರಿಸಿದರು. ಹೊಸದಾಗಿ ಹಾಸ್ಟೆಲಿಗೆ ಸೇರಿದ ಹುಡುಗರನ್ನು ಕೊನೆಯ ವರ್ಷದವರು ಒಂದು ಭಾನುವಾರ ಟೆಂಪೋದಲ್ಲಿ ತುಂಬಿಕೊಂಡು ಕಾವೇರಿ ದಂಡೆಗೆ ಕರೆದೊಯ್ಯುತ್ತಾರೆ. ಬಂಡೆಯ ಮೇಲೆ ಸಾಲಾಗಿ ನಿಲ್ಲಿಸಿ, ಹೆಸರು, ಊರು ಹೇಳಿಸಿ, ಹಿಂದಿನಿಂದ ನೀರಿಗೆ ತಳ್ಳುತ್ತಾರೆ. ಮೇಲೆ ಬಂದವನು ಅಂದಿನಿಂದ ಹಾಸ್ಟೆಲಿನವನು. "ಮೇಲೆ ಬರದವನು?" ಎಂದು ಕೇಳಿದೆ. "ಇಲ್ಲಿವರೆಗೆ ಎಲ್ಲರೂ ಬಂದಿದಾರೆ. ಅದಕ್ಕೇ ಅದು ನಡ್ಕೊಂಡು ಬಂದಿದೆ. ಈ ವರ್ಷ ಮೇಲಿಂದ ನೀರು ಬೇರೆ ಬಿಟ್ಟಿದಾರೆ. ನಿಲ್ಲಿಸೋ ಜವಾಬ್ದಾರಿ ನಿಮ್ದು" ಎಂದರು. ನಾನು ಲೀಡರುಗಳನ್ನು ಕರೆದು ಕೇಳಿದೆ. ಸೆಲ್ವಿ ಮಾದೇವಸ್ವಾಮಿಯ ಮುಖ ನೋಡಿದಳು. ಅವನು ಗೋಡೆ ನೋಡಿದ. "ಅಂಗೇನಿಲ್ಲ ಸಾ. ಸುಮ್ಕೆ ಪಿಕ್ನಿಕ್ ಓಯ್ತೀವಿ, ಅಷ್ಟೇಯಾ" ಎಂದ. ಗೋಡೆ ನೋಡಿ ಮಾತಾಡುವವರು ನಿಜ ಹೇಳುವುದಿಲ್ಲ ಎನ್ನುವಷ್ಟು ಅನುಭವ, ಹಾಜರಿ ಕೂಗಿ ಕೂಗಿ ನನಗೂ ಬಂದಿದೆ.

ಬೈದರೆ ಕೇಳುವ ವಯಸ್ಸಲ್ಲ. ಕಣ್ಣಿಗೆ ಕಾಣುವ ಹಾಗೆ ತೋರಿಸಿದರೆ ಮನಸ್ಸಿಗೆ ನಾಟೀತು ಎಂದು ನನಗೆ ಹೊಳೆಯಿತು. ನನಗೆ ಹೊಳೆದ ಉಪಾಯಗಳೆಲ್ಲ ಕೊನೆಗೆ ನನ್ನ ಮೈಮೇಲೆಯೇ ಬರುತ್ತವೆ ಎಂಬುದು ಆಗ ನೆನಪಾಗಲಿಲ್ಲ. ಊರಿಗೆ ಹೋಗಿದ್ದ ಸೆಲ್ವಿಗೆ ಫೋನ್ ಮಾಡಿ, ತೆಪ್ಪದಲ್ಲಿ ಕೂರುವವರಿಗೆ ತೊಡಿಸುವ ಒಂದು ಲೈಫ್ ಜಾಕೆಟ್ ತರಲು ಹೇಳಿದೆ. ಗೋಪಿನಾಥಂನಿಂದ ಇರುವ ಅಪರೂಪದ ಬಸ್ಸಿನಲ್ಲಿ ಅದನ್ನು ಮಡಿಲ ಮೇಲಿಟ್ಟುಕೊಂಡು ಅವಳು ಬಂದಳು. ಶುಕ್ರವಾರ ಬೆಳಿಗ್ಗೆ ಎರಡೂ ಹಾಸ್ಟೆಲಿನವರನ್ನು ಸಭಾಂಗಣದಲ್ಲಿ ಕೂರಿಸಿ, ನೀರಿನ ಅಪಾಯದ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿ, ಆ ಕಿತ್ತಳೆ ಬಣ್ಣದ ಜಾಕೆಟ್ಟನ್ನು ವೇದಿಕೆಯ ಮೇಲೆಯೇ ತೊಟ್ಟು, ಮೂರು ಕ್ಲಿಪ್ಪುಗಳನ್ನೂ ಟಕ್ ಟಕ್ ಎಂದು ಹಾಕಿಕೊಂಡು ತೋರಿಸಿದೆ. ಚಪ್ಪಾಳೆ ಬಿತ್ತು. ಆಮೇಲೆ ಬಿಚ್ಚಲು ಹೋದೆ. ನಡುವಿನ ಕ್ಲಿಪ್ಪು ಬರಲಿಲ್ಲ. ಪಟ್ಟಿ ಎಳೆದೆ. ಬಿಗಿ ಇನ್ನಷ್ಟು ಹೆಚ್ಚಿತು. ಇನ್ನೂ ದೊಡ್ಡ ಚಪ್ಪಾಳೆ ಬಿತ್ತು.

ಅಷ್ಟರಲ್ಲಿ ಬೆಲ್ ಹೊಡೆಯಿತು. ಆ ವೇಷದಲ್ಲಿಯೇ ಎರಡನೇ ವರ್ಷದವರಿಗೆ ಹಳಗನ್ನಡ ಪಾಠ ಮಾಡಿದೆ. ವಿರಹದ ಪದ್ಯವಾದ್ದರಿಂದ ನಾಯಕಿಗಿಂತ ಹೆಚ್ಚಾಗಿ ನನ್ನ ಬಗ್ಗೆಯೇ ತರಗತಿಗೆ ಮರುಕ ಹುಟ್ಟಿತು. ಪಡಸಾಲೆಯಲ್ಲಿ ಎದುರಾದ ಪ್ರಿನ್ಸಿಪಾಲರು, "ಹೊಳೆ ಇಲ್ಲಿವರೆಗೂ ಬಂತೇನ್ರೀ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದರು. ಯಳಂದೂರಿನ ಶಾಲೆಯಲ್ಲಿ ಪಾಠ ಮಾಡುವ ಸುಮಿತ್ರಳಿಗೆ ನನ್ನ ಫೋಟೋ ನನಗಿಂತ ಮೊದಲೇ ತಲುಪಿತ್ತು. "ಸಂಜೆ ಪೇಟೆ ಬೀದಿಯಲ್ಲಿ ಬರಬೇಡಿ, ಹಿಂದಿನ ಓಣಿಯಲ್ಲಿ ಬನ್ನಿ" ಎಂದಷ್ಟೇ ಅವಳು ಮೆಸೇಜು ಮಾಡಿದ್ದಳು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ. ಬೇರೆ ಥರ ಕೂರಲು ಜಾಕೆಟ್ಟು ಬಿಡುತ್ತಿರಲಿಲ್ಲ. ಮಾದೇವಸ್ವಾಮಿ ಹಾಸ್ಟೆಲ್ ಅಡುಗೆಮನೆಯಿಂದ ಒಂದು ಲೋಟದಲ್ಲಿ ಕೊಬ್ಬರಿ ಎಣ್ಣೆ ಹಿಡಿದು ಬಂದ. ಹಿಂದೆಯೇ ಸೆಲ್ವಿ ಬಂದಳು. ಅವನು ನೆಲದ ಮೇಲೆ ಮಂಡಿಯೂರಿ ಕ್ಲಿಪ್ಪಿಗೆ ಎಣ್ಣೆ ಬಿಡುತ್ತ, ತಲೆ ಎತ್ತದೆ ಮಾತು ಶುರು ಮಾಡಿದ.

"ಸಾ, ಭಾನ್ವಾರ ಓಯ್ತಾವ್ರೆ. ಟೆಂಪೋಕೂ ಯೋಳವ್ರೆ."

"ಯಾರು?"

"ಸಿದ್ದರಾಜು ಗುಂಪು ಸಾ. ನಾ ಬ್ಯಾಡ ಅಂದ್ರೆ ಲೀಡ್ರುಗೆ ಎದ್ರಿಕೆ ಅಂತಾರೆ."

"ನಿನಗೆ ಹೆದರಿಕೆ ಇದೆಯಾ?"

ಅವನು ಸ್ವಲ್ಪ ಹೊತ್ತು ಕ್ಲಿಪ್ಪನ್ನು ಅಲುಗಾಡಿಸಿದ. "ನಾ ಸೇರ್ದಾಗ ನನ್ನೂ ತಳ್ಳುದ್ರು ಸಾ. ನಂಗೆ ಈಜು ಬರದು. ಒಳಗಡೆ ಕಣ್ ಬುಟ್ರೆ ಬರೀ ಕಂದು ನೀರು. ಅವ್ವನ್ನ ಕೂಗುದ್ರೆ ಬಾಯಿಗೂ ನೀರೇ ಬಂತು. ಯಾವ್ದೋ ಬೇರು ಕೈಗೆ ಸಿಕ್ತು, ಇಡ್ಕಂಡು ಮ್ಯಾಕೆ ಬಂದೆ. ಎಲ್ರೂ ನಗ್ತಾ ಇದ್ರು. ನಾನೂ ನಕ್ಬುಟ್ಟೆ ಸಾ. ನಗ್ದೆ ಇದ್ದಿದ್ರೆ ಅವತ್ತೇ ನಿಂತೋಗದೇನೋ."

ಎಣ್ಣೆಯ ತೊಟ್ಟು ನನ್ನ ಪ್ಯಾಂಟಿನ ಮೇಲೆ ಬೀಳುತ್ತಿತ್ತು. ನಾನು ಅಲುಗಾಡಲಿಲ್ಲ. ಇಷ್ಟು ದಿನ ಎಲ್ಲೆಲ್ಲಿಯದೋ ಅನಾಹುತ ಹುಡುಕಿ ತೆಗೆದು ಈ ಹುಡುಗನಿಗೇ ಕಳಿಸುತ್ತಿದ್ದೆನಲ್ಲ ಎಂದುಕೊಂಡೆ. ಸೆಲ್ವಿ ನಡುವೆ ಬಾಯಿ ಹಾಕಿದಳು. "ಇದೇ ಮಾತನ್ನ ಅವರ ಮುಂದೆ ಹೇಳು ಮಾದೇವ. ಸಾರ್ ಹೇಳಿದ್ರೆ ಯಾರೂ ಕೇಳಲ್ಲ" ಎಂದಳು. ನನ್ನ ಎದುರಿಗೇ ಹೇಳಿದಳು. ಆಮೇಲೆ ಯೋಚಿಸಿ ಸೇರಿಸಿದಳು: "ಸುಮ್ನೆ ಬೇಡ ಅಂದ್ರೂ ನಿಲ್ಲಲ್ಲ. ಹೊಸಬರಿಗೆ ಏನಾದ್ರೂ ಸ್ವಾಗತ ಬೇಕಲ್ಲ. ಆವತ್ತು ಅಡುಗೆ ಮಾಡೋಣ. ನಾವು ದೊಡ್ಡೋರು ಬಡಿಸ್ಬೇಕು, ಹೊಸಬರು ಕೂತು ತಿನ್ಬೇಕು. ಅವರು ಏನು ಕೇಳಿದ್ರೂ ಆಮಾ, ಆಯ್ತು ಅಂತ ತಂದು ಹಾಕ್ಬೇಕು." ಆ ಗಳಿಗೆಗೆ ಸರಿಯಾಗಿ ಕ್ಲಿಪ್ಪು ಬಿಚ್ಚಿಕೊಂಡಿತು. ಬಹಳ ಹೊತ್ತಿನ ಮೇಲೆ ಎದೆ ತುಂಬಾ ಉಸಿರು ತೆಗೆದುಕೊಂಡೆ. ಶನಿವಾರವೆಲ್ಲ ಅಕ್ಕಿ, ಬೇಳೆ, ಬೆಲ್ಲ ಹೊಂದಿಸುವುದರಲ್ಲಿ ಕಳೆಯಿತು.

ಭಾನುವಾರ ಬೆಳಿಗ್ಗೆ ನಾನು ಹುಡುಗರ ಹಾಸ್ಟೆಲ್ ಮುಟ್ಟುವ ಹೊತ್ತಿಗೆ ಅಂಗಳದ ಒಂದು ಬದಿಯಲ್ಲಿ ಹುಡುಗಿಯರು ಒಲೆ ಹೂಡಿ ಬೇಳೆ ಬೇಯಿಸುತ್ತಿದ್ದರು. ಇನ್ನೊಂದು ಬದಿಯಲ್ಲಿ ಟೆಂಪೋ ನಿಂತಿತ್ತು. ಹೊಸ ಹುಡುಗರು ಒಂದೊಂದು ಟವೆಲ್ ಹೆಗಲಿಗೆ ಹಾಕಿಕೊಂಡು, ಯಾವ ಕಡೆ ಹೋಗಬೇಕೆಂದು ತಿಳಿಯದೆ ನಡುವೆ ನಿಂತಿದ್ದರು. ಸಿದ್ದರಾಜು ಎಂಬವನನ್ನು ನಾನು ಹತ್ತಿರದಿಂದ ನೋಡಿದ್ದು ಅಂದೇ. ಹನೂರು ಕಡೆಯವನು, ಕಬಡ್ಡಿ ಆಡಿ ಗಟ್ಟಿಯಾದ ತೋಳು. ಟೆಂಪೋದ ಹಿಂಬಾಗಿಲು ಇಳಿಸಿ, "ಅತ್ರಲಾ, ಒತ್ತಾಯ್ತದೆ" ಎಂದು ಹೊಸಬರನ್ನು ಕರೆಯುತ್ತಿದ್ದ. ನಾನು ಸಂಚಾಲಕನ ಗತ್ತಿನಲ್ಲಿ ಮುಂದೆ ಹೋದೆ. ಗಂಟಲು ಸರಿಮಾಡಿಕೊಂಡೆ. ಅವನು, "ಸಾ, ನೀವು ಮುಂದ್ಗಡೆ ಸೀಟಲ್ಲಿ ಕೂತ್ಕಳಿ" ಎಂದು ಮರ್ಯಾದೆಯಿಂದ ಬಾಗಿಲು ತೆಗೆದುಕೊಟ್ಟ. ನಾಚಿಕೆಯ ಸಂಗತಿ ಎಂದರೆ, ಅಭ್ಯಾಸಬಲದಿಂದ ನಾನು ಒಂದು ಕಾಲು ಎತ್ತಿ ಇಟ್ಟೇಬಿಟ್ಟಿದ್ದೆ.

ಆಗ ಮಾದೇವಸ್ವಾಮಿ ಬಂದು ಟೆಂಪೋದ ಹಿಂಬಾಗಿಲಿಗೆ ಅಡ್ಡ ನಿಂತ. "ಸಿದ್ದ, ನಾನು ಒಂದ್ ಮಾತ್ ಯೋಳ್ಬೇಕು" ಎಂದು, ಸ್ಟಾಫ್ ರೂಮಿನಲ್ಲಿ ಹೇಳಿದ್ದನ್ನೆಲ್ಲ ಅಂಗಳದ ನಡುವೆ ನಿಂತು ಹೇಳಿದ. ಕಂದು ನೀರು, ಬೇರು, ಅವ್ವನನ್ನು ಕೂಗಿದ್ದು. ಕೂಗಿದ್ದನ್ನು ಹೇಳುವಾಗ ದನಿ ಸ್ವಲ್ಪ ಒಡೆಯಿತು. ಆದರೆ ಅವನು ಈ ಸಲ ಗೋಡೆ ನೋಡಲಿಲ್ಲ. ಒಲೆಯ ಹತ್ತಿರ ಸೌಟಿನ ಸದ್ದೂ ನಿಂತಿತು. ಸಿದ್ದರಾಜು ಮಾತ್ರ ನಗಲು ನೋಡಿದ. "ನಿಂಗೆ ಎದ್ರಿಕೆಯಾದ್ರೆ ನೀ ಬರ್ಬೇಡ ಕಣ್ಲಾ. ಬಿದ್ದೋರ್ನ ನಾವ್ ಎತ್ಕತೀವಿ."

ಸೆಲ್ವಿ ಸೌಟು ಹಿಡಿದೇ ಬಂದಳು. "ಹಾಗಾದ್ರೆ ಈಜು ಬರೋರು ಕೈ ಎತ್ತಿ" ಎಂದಳು.

ಅಂಗಳದಲ್ಲಿ ಒಂದೇ ಕೈ ಮೇಲಿತ್ತು. ಅದು ಅವಳದು. ಮೇಷ್ಟ್ರೆಂಬ ಹಮ್ಮಿನಲ್ಲಿ ನನ್ನ ಕೈಯೂ ಎದೆಯವರೆಗೆ ಬಂದಿತ್ತು. ಅಲ್ಲಿಂದ ಅದನ್ನು ತಿರುಗಿಸಿ ಕನ್ನಡಕ ಸರಿಮಾಡಿಕೊಂಡೆ. ಸೆಲ್ವಿ ಸಿದ್ದರಾಜುವನ್ನೇ ನೋಡುತ್ತಿದ್ದಳು. "ನಾನು ಹೊಳೇಲೇ ಬೆಳೆದೋಳು ಅಣ್ಣಾ. ನೀರು ಬಿಟ್ಟಿರೋವಾಗ ನಮ್ಮಪ್ಪನೇ ತೆಪ್ಪ ಇಳಿಸಲ್ಲ. ನೀವು ಕೈನೇ ಎತ್ತಲ್ಲ ಅಂದ್ರೆ ಇಷ್ಟು ಜನಾನ ನಾನೊಬ್ಬಳೇ ಹೇಗೆ ಎತ್ತಲಿ?"

ಗುಂಪಿನಲ್ಲಿದ್ದವರೆಲ್ಲ ಸಿದ್ದರಾಜುವಿನ ಕೈ ನೋಡಿದರು. ಅದು ಟೆಂಪೋದ ಕೊಂಡಿಯ ಮೇಲಿತ್ತು. ಅಲ್ಲಿಂದ ಏಳಲಿಲ್ಲ. ಅವನು ನಿಧಾನವಾಗಿ ಮಾದೇವಸ್ವಾಮಿಯ ಹತ್ತಿರ ಬಂದ. ಹೊಡೆಯುತ್ತಾನೇನೋ ಎಂದು ನಾನು ಟೆಂಪೋದಿಂದ ಕಾಲು ಇಳಿಸಿದೆ. ಅವನು ತಗ್ಗಿದ ದನಿಯಲ್ಲಿ ಕೇಳಿದ: "ನೀನು ಅವ್ವನ್ನ ಕೂಗುದ್ದಾ?"

"ಊ ಕಣ್ಲಾ."

"ನಾನು ಬೆಟ್ಟದ ಮಾದಪ್ಪನ್ನ ಕೂಗಿದ್ದೆ" ಎಂದ ಸಿದ್ದರಾಜು. "ಯಾರ್ಗೂ ಯೋಳಿರ್ನಿಲ್ಲ."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಆ ನಗೆ ಹಬ್ಬಿದ ಮೇಲೆ ಒಬ್ಬೊಬ್ಬನ ಬಾಯಿಂದಲೂ ಒಂದೊಂದು ಗುಟ್ಟು ಹೊರಟಿತು. ಒಬ್ಬನ ಕಿವಿಗೆ ನೀರು ಹೋಗಿ ವಾರಗಟ್ಟಲೆ ಕೇಳಿಸಿರಲಿಲ್ಲ. ಇನ್ನೊಬ್ಬ ಆವತ್ತು ಹೊಟ್ಟೆನೋವೆಂದು ಮಲಗಿ ತಪ್ಪಿಸಿಕೊಂಡಿದ್ದ. ಮಾರ್ಟಳ್ಳಿಯ ಒಬ್ಬ ಬಿದ್ದವನಂತೆ ನಟಿಸಿ, ದಡದಲ್ಲೇ ತಲೆ ಒದ್ದೆ ಮಾಡಿಕೊಂಡು ಬಂದಿದ್ದ. ವರ್ಷಗಳಿಂದ ಎಲ್ಲರೂ ಎಲ್ಲರಿಗೂ ಹೆದರಿ ಈ ಧೈರ್ಯವನ್ನು ನಡೆಸಿಕೊಂಡು ಬಂದಿದ್ದರು. ಸಿದ್ದರಾಜು ಟೆಂಪೋ ಡ್ರೈವರನ ಕಡೆ ತಿರುಗಿ, "ಅಣ್ಣಾ, ಒಳೆಗ್ ಬ್ಯಾಡ. ಮಾರ್ಕೆಟ್ ತಾವ ಓಗಿ ಬಾಳೆಲೆ ತಕಂಡ್ ಬರಾವ ನಡಿ" ಎಂದ. ತಾನೇ ಮುಂದಿನ ಸೀಟಿನಲ್ಲಿ ಕೂತು ಹೋದ.

ಆ ಊಟವನ್ನು ನಾನು ಮರೆಯಲಾರೆ. ಹೊಸ ಹುಡುಗರು, ಹುಡುಗಿಯರು ಸಾಲಾಗಿ ಕೂತಿದ್ದರು. ಕೊನೆಯ ವರ್ಷದವರು ಸೊಂಟಕ್ಕೆ ಟವೆಲ್ ಬಿಗಿದು ಓಡಾಡಿ ಬಡಿಸಿದರು. ಮೊದಮೊದಲು ಕತ್ತೆತ್ತಲೂ ಹೆದರುತ್ತಿದ್ದ ಪುಟಾಣಿ ಗಾತ್ರದ ಒಬ್ಬ ಹುಡುಗ ಎರಡನೇ ಸುತ್ತಿಗೆ ಧೈರ್ಯ ಮಾಡಿ, "ಸಿದ್ದಣ್ಣ, ಅಪ್ಳ" ಎಂದ. ಸಿದ್ದರಾಜು ಹಪ್ಪಳದ ಬುಟ್ಟಿ ಹೊತ್ತು ಓಡಿದ. ಅದನ್ನು ನೋಡಿ ಇಡೀ ಸಾಲೇ ಹಪ್ಪಳ ಕೇಳಿತು. ಮಾದೇವಸ್ವಾಮಿಯನ್ನು ಯಾರೋ ಹೆಗಲ ಮೇಲೆ ಹೊತ್ತು ಅಂಗಳ ಸುತ್ತಿಸಿದರು. ಸೆಲ್ವಿ, ತನ್ನನ್ನು ಹೊರಲು ಬಂದ ಗೆಳತಿಯರಿಗೆ ಸೌಟು ತೋರಿಸಿ ಹಿಂದಕ್ಕೆ ಕಳಿಸಿದಳು. ಪ್ರಿನ್ಸಿಪಾಲರು ಪಾಯಸದ ಹೊತ್ತಿಗೆ ಬಂದು ಹುಡುಗರ ಜೊತೆ ನೆಲದ ಮೇಲೆ ಕೂತರು. ಹೊಳೆ ಸ್ವಾಗತ ಅಲ್ಲಿಗೆ ಮುಗಿಯಿತು. ಆಮೇಲೆ ಹನೂರು, ಯಳಂದೂರಿನ ಹಾಸ್ಟೆಲ್ ಲೀಡರುಗಳೂ ಬಂದು ಇವರಿಬ್ಬರನ್ನು ಕೇಳಿಕೊಂಡು ಹೋದರು. ಈಗ ಅಲ್ಲಿಯೂ ದೊಡ್ಡವರೇ ಬಡಿಸುತ್ತಾರಂತೆ.

ಮಂಗಳವಾರ ಒಂದು ಪತ್ರಿಕೆಯ ನಮ್ಮೂರಿನ ಪುಟದಲ್ಲಿ ಸುದ್ದಿ ಬಂತು. ವರದಿಗಾರರಿಗೆ ನಾನು ಮಾದೇವಸ್ವಾಮಿ, ಸೆಲ್ವಿ ಇಬ್ಬರ ಹೆಸರನ್ನೂ ಅಕ್ಷರ ಬಿಡಿಸಿ ಹೇಳಿದ್ದೆ. ಅಚ್ಚಾಗಿದ್ದು ಮಾತ್ರ 'ಉಪನ್ಯಾಸಕರ ಸಮಯಪ್ರಜ್ಞೆ: ತಪ್ಪಿದ ಅನಾಹುತ' ಎಂದು. ಫೋಟೋದಲ್ಲಿ ನಡುವೆ ನಾನು, ಆಚೀಚೆ ಲೀಡರುಗಳ ಅರ್ಧರ್ಧ ಮುಖ. ಲೀಡರುಗಳಿಬ್ಬರಿಗೂ ಫೋನ್ ಮಾಡಿ ಬೇಸರ ಹೇಳಿಕೊಂಡೆ. ಇಬ್ಬರೂ ನಕ್ಕರು. ಸುಮಿತ್ರ ಸುದ್ದಿಯನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಪತ್ರಿಕೆ ಮಡಿಸಿ, ನನ್ನನ್ನೇ ನೋಡುತ್ತ ಕೇಳಿದಳು.

"ಇಷ್ಟೆಲ್ಲ ಆಗೋವಾಗ ನಿಜವಾಗ್ಲೂ ನೀವೇನು ಮಾಡಿದ್ರಿ?"

"ಸಾರು ಬಡಿಸಿದೆ" ಎಂದೆ.

"ಯಾರ ಮೇಲೂ ಚೆಲ್ಲಲಿಲ್ಲ ತಾನೆ?"

"ಪ್ರಿನ್ಸಿಪಾಲರ ಮೇಲೆ" ಎಂದೆ. "ಅಷ್ಟೇನೂ ಬಿಸಿ ಇರಲಿಲ್ಲ."