ಪರಾತ ಬಿಡದ ಏರೋಜೆಲ್

ಎಂಬತ್ತರ ದಶಕದಲ್ಲಿ ನಾನು ಗಂಗಾವತಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ. ಹೆಂಡತಿ ಶಾಂತಾ ಕುಷ್ಟಗಿಯಲ್ಲಿ ಶಾಲಾ ಶಿಕ್ಷಕಿ. ಇಬ್ಬರನ್ನೂ ಒಂದೇ ಊರಿಗೆ ಹಾಕುವ ದಯೆ ಸರಕಾರಕ್ಕೆ ಇನ್ನೂ ಬಂದಿರಲಿಲ್ಲ. ಹೀಗಾಗಿ ಸಂಜೆಯಾದರೆ ಬಾಡಿಗೆ ಕೋಣೆಯಲ್ಲಿ ನನ್ನೊಡನೆ ಸದ್ದು ಮಾಡುತ್ತಿದ್ದುದು ಸ್ಟೋವ್ ಒಂದೇ. ಅದೂ ಸೀಮೆಎಣ್ಣೆ ಇದ್ದರೆ!

ಆಗಲೇ ಒಂದು ಪತ್ರಿಕೆಯಲ್ಲಿ ಏರೋಜೆಲ್ ಬಗ್ಗೆ ಓದಿದೆ. ಸಿಲಿಕಾದಿಂದ ಮಾಡಿದ ಪದಾರ್ಥ, ಒಳಗೆ ಬಹುಪಾಲು ಗಾಳಿ, ಅರಳೆಗಿಂತ ಹಗುರ. ಒಂದೇ ದೋಷ: ಹಪ್ಪಳದಂತೆ ಪುಡಿಯಾಗುತ್ತದೆ. ಅದಕ್ಕೆ ಅಂಟಿನಂಥ ಪಾಲಿಮರ್ ಸೇರಿಸಿ ಬಲ ಕೊಟ್ಟರೆ? ಲೋಕೋಪಕಾರ! ಸಿಲಿಕಾಕ್ಕೆ ನಮ್ಮೂರಲ್ಲಿ ಬರವೇ? ಅಕ್ಕಿ ಗಿರಣಿಗಳ ಹಿಂದೆ ಭತ್ತದ ಹೊಟ್ಟಿನ ಬೂದಿ ಗುಡ್ಡವಾಗಿ ಬಿದ್ದಿತ್ತು. ಬರುವ ಭಾನುವಾರ ಶಾಂತಾ ಬರುವವಳಿದ್ದಳು. ಅವಳ ಮುಂದೆ ಇಡಲು ನನ್ನ ಬಳಿ ಏನಾದರೂ ಇರಲಿ ಎಂಬ ಆಸೆ.

ಬೂದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಸೋಸಿ, ಆಮ್ಲ ಹನಿಸಿದೆ. ಮೊಸರಿನಂತೆ ಹೆಪ್ಪುಗಟ್ಟಿತು. ಒಣಗಿಸಿದೆ. ರವೆಯಾಯಿತು!

ಎರಡನೆಯ ಸಲ ಬಡಗಿಯ ಬಿಳಿ ಅಂಟು ಬೆರೆಸಿದೆ. ಎಷ್ಟು ಬೆರೆಸಬೇಕೆಂದು ಪತ್ರಿಕೆ ಹೇಳಿರಲಿಲ್ಲ. ಬಲ ಹೆಚ್ಚಿದಷ್ಟೂ ಒಳ್ಳೆಯದೆಂದು ಡಬ್ಬಿಯನ್ನೇ ಬೋರಲು ಹಾಕಿದೆ. ಮನೆಯೊಡತಿ ಬಸಮ್ಮನವರ ದೊಡ್ಡ ಹಿತ್ತಾಳೆ ಪರಾತವನ್ನು ಹಿಟ್ಟು ನಾದಲೆಂದು ಕೇಳಿ ತಂದು, ಅದರಲ್ಲಿ ಸುರಿದು ಬಿಸಿಲಿಗಿಟ್ಟೆ.

ಭಾನುವಾರ ಬಸಮ್ಮ ಬಾಗಿಲಲ್ಲಿ ನಿಂತರು. "ಮಾಸ್ತರ್ರ, ಪರಾತ ಕೊಡ್ರಿ. ಮನಿಗೆ ಬೀಗರು ಬಂದಾರ."

"ಒಂದ್ ನಿಮಿಷರಿ," ಎಂದು ಪರಾತದೊಳಗೆ ಒಣಗಿ ಗಟ್ಟಿಯಾಗಿದ್ದ ಗಡ್ಡೆಯನ್ನು ಅಲುಗಾಡಿಸಿದೆ. ಬರಲಿಲ್ಲ. ಕೆರೆದೆ. ಬರಲಿಲ್ಲ. ಬಸಮ್ಮ ತಾವೇ ಒನಕೆ ತಂದು ಕುಟ್ಟಿದರು. ಪರಾತಕ್ಕೆ ತಗ್ಗು ಬಿತ್ತು. ನನ್ನ ಪದಾರ್ಥಕ್ಕೆ ಗೀರೂ ಬೀಳಲಿಲ್ಲ! ಬಲವರ್ಧನ ಕಾರ್ಯವು ಸಂಪೂರ್ಣ ಯಶಸ್ವಿಯಾಗಿತ್ತು.

"ಇದೆಂಥಾ ಹಿಟ್ಟರಿ? ಯಾವ ಗಿರಣ್ಯಾಗ ಬೀಸಿಸಿದ್ರಿ?" ಎಂದರು ಬಸಮ್ಮ.

ಅಷ್ಟರಲ್ಲಿ ಶಾಂತಾ ಚೀಲ ಹಿಡಿದು ಒಳಬಂದಳು. "ಏನ್ರಿ ಇದು?"

"ಜಗತ್ತಿನಾಗ ಎಲ್ಲಾದಕ್ಕಿಂತ ಹಗೂರ ಪದಾರ್ಥ," ಎಂದೆ.

ಅವಳು ಎರಡೂ ಕೈಯಿಂದ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಳು. ಬಸಮ್ಮ ಗೊಣಗುತ್ತ ಹೋದ ಮೇಲೆ ಮೆಲ್ಲಗೆ ಕೇಳಿದಳು: "ಒಬ್ಬರ ಇದ್ದೂ ಇದ್ದೂ ಬ್ಯಾಸರ ಆಗೇತಿ ಅಂತ ನನಗ ಹೇಳಬಾರದೇನ್ರಿ?"

ನಾನು ಸ್ಟೋವಿನ ಕಡೆ ತಿರುಗಿದೆ. "ಚಹಾ ಮಾಡ್ಲೇನು?" ಎಂದೆ.

ಸಂಜೆಯ ಬಸ್ಸಿಗೆ ಅವಳು ಹೊರಟಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಕೋಣೆಗೆ ಹೋಗುವ ಅವಸರವೇನೂ ಇರಲಿಲ್ಲ. ಬಸಮ್ಮನವರಿಗೆ ಹೊಸ ಪರಾತ ಕೊಡಿಸಬೇಕಿತ್ತು. ಪಾತ್ರೆ ಅಂಗಡಿಗೆ ನಡೆದೆ. ಇದ್ದುದರಲ್ಲೇ ದೊಡ್ಡದನ್ನು ಆರಿಸಿದೆ.

"ಮನ್ಯಾಗ ಎಷ್ಟ ಮಂದಿ ಅದೀರಿ ಸರ?" ಅಂಗಡಿಯವ ಕೇಳಿದ.

"ನಾ ಒಬ್ಬನ."

ಅವನು ಪರಾತವನ್ನು ನೋಡಿದ. ನನ್ನನ್ನು ನೋಡಿದ. "ಒಬ್ಬರಿಗೆ ಇಷ್ಟ ದೊಡ್ಡದು?"

ವಿಜ್ಞಾನದ ಹೆಸರೆತ್ತಲು ಧೈರ್ಯ ಸಾಲಲಿಲ್ಲ.

"ನಂದು ಊಟ ಸ್ವಲ್ಪ ಜಾಸ್ತಿರಿ," ಎಂದೆ.