ಕಾಳಪ್ಪನವರ ಬೆಲ್ಲದ ಪಾಕ

"ಮಕ್ಳೇ, ಈ ಭೂಮಿ ಮ್ಯಾಲೆ ಕರಗ್ದೇ ಇರೋ ವಸ್ತು ಅನ್ನೋದೇ ಇಲ್ಲ! ಕರಗ್ಸೋನು ಗಟ್ಟಿಯಾಗಿರ್ಬೇಕು, ಅಷ್ಟೇಯ!"

ಕೆ.ಆರ್. ಪೇಟೆಯ ಅಕ್ಕಸಾಲಿ ಕಾಳಪ್ಪನವರು ಒಂದು ಶನಿವಾರ ಬೆಳಿಗ್ಗೆ ಏಳನೇ ತರಗತಿಯ ನಲವತ್ತೊಂದು ಮಕ್ಕಳ ಮುಂದೆ ಎದೆಯುಬ್ಬಿಸಿ ಹೀಗೆ ಘೋಷಿಸಿದರು. ಅವರನ್ನು ಶಾಲೆಗೆ ಕರೆದೊಯ್ದವಳು ಎದುರುಮನೆಯ ವಿಜ್ಞಾನದ ಮೇಡಂ ಭೂಮಿಕ. ವಸ್ತುಗಳ ಬದಲಾವಣೆಯ ಪಾಠ ನಡೆಯುತ್ತಿತ್ತು. ಮೇಣ ಕರಗಿಸಿ ತೋರಿಸಿದರೆ ಮಕ್ಕಳು ಆಕಳಿಸುತ್ತವೆ, ನೀವೇ ಬಂದು ಬೆಳ್ಳಿ ಕರಗಿಸಿ ತೋರಿಸಿ ಎಂದು ಆಕೆ ಕೇಳಿಕೊಂಡಿದ್ದಳು. ಕಾಳಪ್ಪನವರು ಇಸ್ತ್ರಿ ಅಂಗಿ ತೊಟ್ಟು, ಮೂಸೆ, ಬಿಳಿಗಾರ, ಗ್ಯಾಸ್ ಟಾರ್ಚು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ದಂಡಯಾತ್ರೆಗೆ ಹೊರಟವರಂತೆ ಹೋದರು. ಚೂರು ಬೆಳ್ಳಿ ಮೂಸೆಯಲ್ಲಿ ಕೆಂಪಗೆ ಕಾದು, ನೀರಾಗಿ, ಅಚ್ಚಿಗಿಳಿದು, ಮತ್ತೆ ಗಟ್ಟಿ ಬೆಳ್ಳಿಯೇ ಆದಾಗ ಬಿದ್ದ ಚಪ್ಪಾಳೆಗೆ ಕಿಟಕಿಯ ಪಾರಿವಾಳ ಹಾರಿಹೋಯಿತು.

"ನೋಡಿದ್ರಾ? ಘನ ದ್ರವವಾಯ್ತು, ದ್ರವ ಮತ್ತೆ ಘನವಾಯ್ತು. ಬೆಳ್ಳಿ ಬೆಳ್ಳಿಯಾಗೇ ಉಳೀತು. ಇದು ಭೌತ ಬದಲಾವಣೆ. ಮೊದಲಿದ್ದ ಹಾಗೇ ಹಿಂದಕ್ಕೆ ತರಬಹುದು," ಎಂದಳು ಭೂಮಿಕ.

ಆ ಕೊನೆಯ ಮಾತು ಕಾಳಪ್ಪನವರಿಗೆ ಬಹಳ ಹಿಡಿಸಿತು. ಪಾಠದ ಇನ್ನರ್ಧ ಸೋಮವಾರಕ್ಕಿತ್ತು. ಅದನ್ನು ಕೇಳದೆಯೇ ಅವರು ಮನೆಗೆ ಬಂದುಬಿಟ್ಟರು!

ಬಾಗಿಲು ತೆರೆದವರೇ "ಜಯಾ, ಏನ್ ಚಪ್ಪಾಳೆ ಅಂತೀಯಾ..." ಎಂದು ಶುರುಮಾಡಿ, ಅರ್ಧಕ್ಕೇ ನಿಂತರು. ಹೆಂಡತಿ ಜಯಲಕ್ಷ್ಮಮ್ಮ ಮನೆಯಲ್ಲಿರಲಿಲ್ಲ. ಇಪ್ಪತ್ತೆರಡು ದಿನದಿಂದ ಇರಲಿಲ್ಲ. ನಾಗಮಂಗಲದಲ್ಲಿ ಅವಳ ಅಕ್ಕ ಸೋಮಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು. ನೋಡಿಕೊಳ್ಳಲು ತಂಗಿ ಹೋಗಿದ್ದಳು. ಮೂವತ್ತು ವರ್ಷ ಕಾಳಪ್ಪನವರು ಜಗುಲಿಯಲ್ಲಿ ಕೂತು ಕೆಲಸ ಮಾಡುತ್ತಾ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು, ಅಡುಗೆಮನೆಯಿಂದ ಹೆಂಡತಿ "ಹೂಂ" ಎನ್ನುತ್ತಿದ್ದಳು. ಆ ಒಂದು "ಹೂಂ" ಇಲ್ಲದಿದ್ದರೆ ತನ್ನ ಬಾಯಿಂದ ಮಾತೇ ಹೊರಡುವುದಿಲ್ಲವೆಂಬುದು ಅವರಿಗೆ ಗೊತ್ತಾದದ್ದು ಈ ಇಪ್ಪತ್ತೆರಡು ದಿನದಲ್ಲಿ.

ಫೋನು ಮಾಡಿದರು.

"ಅಕ್ಕಂಗೆ ಸ್ನಾನ ಮಾಡಿಸ್ತಾವ್ನಿ, ಆಮ್ಯಾಕೆ ಮಾಡ್ತೀನಿ," ಎಂದಳು ಜಯಲಕ್ಷ್ಮಮ್ಮ. "ಉಂಡ್ರಾ? ಕಷ್ಟ ಆದ್ರೆ ಯೋಳ್ಬುಡಿ, ಬಂದ್ಬುಡ್ತೀನಿ."

"ಕಷ್ಟವಾ? ನಂಗಾ? ಮಹಾರಾಜ ಇದ್ದಂಗಿವ್ನಿ!"

ದಿನವೂ ಅವಳು ಇದನ್ನೇ ಕೇಳುತ್ತಿದ್ದಳು, ದಿನವೂ ಇವರು ಹೀಗೇ ಹೇಳುತ್ತಿದ್ದರು. ಅವತ್ತು ಮಹಾರಾಜರು ಮಧ್ಯಾಹ್ನಕ್ಕೆ ಎರಡು ಬಾಳೆಹಣ್ಣು, ಒಂದು ಬನ್ನು ಆರೋಗಣೆ ಮಾಡಿದರು. ಗೋಡೆಯ ಹಲ್ಲಿಗೆ ಚಪ್ಪಾಳೆಯ ವಿಷಯ ಹೇಳಿದರು. ಹಲ್ಲಿ ಲೊಚಗುಟ್ಟಿತು.

ಆಗ ಹುಟ್ಟಿತು ಮಹಾಸಂಕಲ್ಪ! ಹೆಂಡತಿಗೆ ಪ್ರಾಣವಾದ ಕಡಲೆಕಾಯಿ ಮಿಠಾಯಿಯನ್ನು ತಾನೇ ಮಾಡಿ, ನಾಳೆ ಭಾನುವಾರ ನಾಗಮಂಗಲದ ಬಸ್ಸು ಹತ್ತಿ, ಅವಳ ಕೈಗಿಟ್ಟು, "ನೋಡ್ದಾ ಮಹಾರಾಜನ್ನ!" ಎನ್ನುವುದು. ಅಷ್ಟಕ್ಕೂ ಪಾಕವೆಂದರೇನು? ಬೆಲ್ಲ ಕರಗಿಸುವುದು. ಕರಗಿಸುವುದು ಕುಲಕಸುಬು!

ಒಲೆಯ ಮೇಲೆ ಪಾತ್ರೆ ಇಟ್ಟರು. ಊರೆಲ್ಲ 'ಸಿಲ್ವರ್' ಎನ್ನುವ ಅಲ್ಯುಮಿನಿಯಂ ಪಾತ್ರೆ. ಜಯಲಕ್ಷ್ಮಮ್ಮ ತವರಿನಿಂದ ತಂದದ್ದು. ಅಕ್ಕಸಾಲಿಯ ಮನೆಯಲ್ಲಿದ್ದುಕೊಂಡು ಆಕೆ "ಇದು ನಂದು" ಎನ್ನುತ್ತಿದ್ದ ಲೋಹ ಅದೊಂದೇ.

ಬೆಲ್ಲ ಕರಗಿತು. ನೊರೆ ಎದ್ದಿತು. ಯಾವಾಗ ಇಳಿಸಬೇಕು? ಚಿನ್ನವಾದರೆ ಮೂಸೆಯೊಳಗೆ ಕನ್ನಡಿಯಂತೆ ಹೊಳೆಯುತ್ತದೆ. ಬೆಲ್ಲವೂ ಹೊಳೆಯಲಿ ಎಂದು ಕಾದರು. ಹೊಳೆಯುವ ಬದಲು ಅದು ಮೊದಲು ಕೆಂಪಾಯಿತು, ಆಮೇಲೆ ಕಾಫಿಪುಡಿಯ ಬಣ್ಣಕ್ಕೆ ತಿರುಗಿತು. ಗಾಬರಿಯಲ್ಲಿ ಕಡಲೆಕಾಯಿ ಬೀಜ ಸುರಿದು, ಸೌಟಿನಿಂದ ತಿರುವಿ, ಒಲೆ ಆರಿಸಿ, ತಟ್ಟೆಗೆ ತುಪ್ಪ ಸವರೋಣವೆಂದು ಡಬ್ಬಿ ಹುಡುಕಲು ಹೋದರು. ಹೆಂಡತಿಯಿಲ್ಲದ ಮನೆಯಲ್ಲಿ ತುಪ್ಪದ ಡಬ್ಬಿ ಸಿಗಲು ಹಿಡಿಯುವ ಹೊತ್ತು ಎಷ್ಟೆಂದು ಗಂಡಸರಿಗೆ ನಾನು ಹೇಳಬೇಕಾಗಿಲ್ಲ!

ಡಬ್ಬಿ ಹಿಡಿದು ಬಂದು ಸೌಟು ಎತ್ತಿದರು. ಸೌಟಿನ ಜೊತೆ ಪಾತ್ರೆಯೂ ಎದ್ದುಬಂತು! ಎಡಕ್ಕೆ ತಿರುಗಿಸಿದರೆ ಪಾತ್ರೆಯೂ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಸೌಟು ಪಾಕದ ನಡುವೆ ಧ್ವಜಸ್ತಂಭದಂತೆ ನೆಟ್ಟು ನಿಂತಿತ್ತು.

ಆದರೆ ಕಾಳಪ್ಪನವರು ಧೈರ್ಯಗೆಡಲಿಲ್ಲ. ದ್ರವ ಘನವಾಗಿದೆ, ತಾನೇ? ಘನವನ್ನು ಮತ್ತೆ ದ್ರವ ಮಾಡಿದರಾಯಿತು. ಮೇಡಮ್ಮೇ ಹೇಳಿದ್ದಾಳೆ, ಹಿಂದಕ್ಕೆ ತರಬಹುದು! ಒಲೆ ಹಚ್ಚಿದರು. ಹೊಗೆ ಬಂತು, ಪಾಕ ಕರಗಲಿಲ್ಲ. ಇನ್ನಷ್ಟು ಉರಿ ಮಾಡಿದರು. ಇನ್ನಷ್ಟು ಹೊಗೆ.

"ನಿನ್ನಂತಾವು ಎಷ್ಟ್ ನೋಡಿಲ್ಲ ಕಣ್ಲಾ!" ಎಂದು ಬೆಲ್ಲಕ್ಕೆ ಸವಾಲು ಹಾಕಿ, ಪಾತ್ರೆಯನ್ನು ಜಗುಲಿಗೆ ತಂದು ಎರಡು ಇಟ್ಟಿಗೆಯ ಮೇಲಿಟ್ಟು, ಅಡಿಯಿಂದ ಟಾರ್ಚು ಹಿಡಿದರು.

ಅಕ್ಕಸಾಲಿಯ ಕಣ್ಣಿಗೆ ಒಂದು ಪಾಠವಿದೆ. ಚಿನ್ನವಾಗಲಿ ಬೆಳ್ಳಿಯಾಗಲಿ ಕರಗುವ ಮುಂಚೆ ಕೆಂಪಾಗಿ ಸೂಚನೆ ಕೊಡುತ್ತದೆ. ಪಾತ್ರೆ ಕೆಂಪಾಗತೊಡಗಿದರೆ ಟಾರ್ಚು ಆರಿಸಿದರಾಯಿತು ಎಂದು ಕಾಳಪ್ಪನವರು ಕಣ್ಣು ಪಿಳುಕಿಸದೆ ಕೂತರು. ಅಲ್ಯುಮಿನಿಯಂಗೆ ಆ ಮರ್ಯಾದೆಯೆಲ್ಲ ಇಲ್ಲ! ಹಾಡುಹಗಲಿನಲ್ಲಿ ಅದು ಕೆಂಪಾದದ್ದು ಕಾಣಿಸುವುದೇ ಇಲ್ಲ. ಬೆಳ್ಳಗೆ ತಣ್ಣಗೆ ಕೂತಂತೆಯೇ ಇದ್ದ ಪಾತ್ರೆಯ ತಳ ಇದ್ದಕ್ಕಿದ್ದಂತೆ ಸೊರಗಿ, ಜೋತು, ತೊಟ್ಟಿಕ್ಕಿ, ಇಟ್ಟಿಗೆಗಳ ನಡುವೆ ಇಳಿದುಹೋಯಿತು. ಅದರ ಬೆನ್ನಿಗೆ ಕಪ್ಪು ಬಂಡೆಯಂಥ ಮಿಠಾಯಿ ಸೌಟಿನ ಸಮೇತ ಧೊಪ್ಪೆಂದು ಬಿತ್ತು. ಕರಗಬೇಕಾದ್ದು ಕರಗಲಿಲ್ಲ, ಕರಗಬಾರದ್ದು ಕರಗಿತ್ತು!

ಹೊಗೆ ಬೀದಿಗೆ ನುಗ್ಗಿತು. "ಅಯ್ಯಯ್ಯೋ, ಆಚಾರ್ರ ಮನೆಗೆ ಬೆಂಕಿ ಬಿದ್ಬುಡ್ತು, ಬನ್ರಪ್ಪೋ!" ಎಂದು ಕೂಗುತ್ತಾ ಪಕ್ಕದ ಮನೆಯ ಕುಳ್ಳಮ್ಮ ತುಂಬಿದ ಬಕೀಟು ಹೊತ್ತು ಬಂದರು. ಪಾತ್ರೆಯತ್ತ ಎರಚಲು ಹೋಗಿ, ಪೂರ್ತಿ ನೀರನ್ನು ಕಾಳಪ್ಪನವರ ಮೈಮೇಲೆ ಸುರಿದರು. ಹಿಂದೆಯೇ ಭೂಮಿಕ ಓಡಿಬಂದಳು.

"ಮೇಡಮ್ಮೋರೆ," ಎಂದರು ಕಾಳಪ್ಪನವರು ಮುಖದ ನೀರು ಒರೆಸಿಕೊಳ್ಳುತ್ತಾ, "ಹಿಂದಕ್ ತರ್ಬೋದು ಅಂದ್ರಲ್ಲಾ?"

ಭೂಮಿಕ ಆ ಕಪ್ಪು ಗಟ್ಟಿಯನ್ನು ಕಡ್ಡಿಯಿಂದ ಚುಚ್ಚಿ ನೋಡಿದಳು. ನಗು ತಡೆದುಕೊಳ್ಳಲು ತುಟಿ ಕಚ್ಚಿದಳು. "ಆಚಾರ್ರೇ, ಇದು ಬೆಲ್ಲ ಅಲ್ಲ, ಇದ್ದಿಲು. ಸುಟ್ಟು ಬೇರೆ ವಸ್ತುವೇ ಆಗಿಬಿಟ್ಟಿದೆ. ಇದಕ್ಕೆ ರಾಸಾಯನಿಕ ಬದಲಾವಣೆ ಅಂತಾರೆ. ಎಷ್ಟು ಕಾಯಿಸಿದ್ರೂ ಮತ್ತೆ ಬೆಲ್ಲ ಆಗಲ್ಲ. ಅದು ಸೋಮವಾರದ ಪಾಠ."

"ಅದ್ನೂ ಇವತ್ತೇ ಯೋಳಿದ್ರೆ ನಿಮ್ ಗಂಟೇನು ಓಗ್ತಿತ್ತು ತಾಯಿ!"

ಬಂದವರೆಲ್ಲ ನಕ್ಕರು. ಕಾಳಪ್ಪನವರಿಗೆ ಆ ನಗುವೂ ಹಿತವಾಗಿತ್ತು. ಎಷ್ಟೋ ದಿನದ ಮೇಲೆ ಮನೆಯಲ್ಲಿ ನಾಲ್ಕು ಜನರ ಸದ್ದು ಕೇಳಿಸಿತ್ತು. ಆದರೆ ನಕ್ಕವರಿಗೂ ಮನೆಗಳಿರುತ್ತವಲ್ಲ. ಹತ್ತು ನಿಮಿಷದಲ್ಲಿ ಜಗುಲಿ ಖಾಲಿಯಾಯಿತು. ಒದ್ದೆ ಅಂಗಿಯಲ್ಲೇ ಕೂತು ತಳವಿಲ್ಲದ ಪಾತ್ರೆಯನ್ನು ಕಣ್ಣಿಗೆ ಹಿಡಿದು ನೋಡಿದರು. ಆ ಕಡೆಯಿಂದ ಖಾಲಿ ಅಡುಗೆಮನೆ ಕಾಣಿಸಿತು.

ಬರಿಗೈಯಲ್ಲಿ ಹೋಗಲು ಮುಖವಿಲ್ಲದೆ ಭಾನುವಾರದ ನಾಗಮಂಗಲ ಪ್ರಯಾಣ ರದ್ದಾಯಿತು. ಸೋಮವಾರ ಪಾತ್ರೆ ಅಂಗಡಿಯಿಂದ ಅದೇ ಅಳತೆಯ ಹೊಸ ಪಾತ್ರೆ ಬಂತು. ಮರಳುಕಾಗದದಲ್ಲಿ ಉಜ್ಜಿ ಹೊಳಪು ತೆಗೆದರು. ಹಳೆಯದರಲ್ಲಿದ್ದಂತೆ ಸುತ್ತಿಗೆಯಿಂದ ಅಲ್ಲಲ್ಲಿ ತಗ್ಗು ಮಾಡಿದರು. ಹಳೆಯದರ ಕಂಠವೆಲ್ಲ ಸುಟ್ಟು ಕಪ್ಪಾಗಿತ್ತು, ಅಲ್ಲಿ ಯಾವುದೋ ಹೆಸರು ಇದ್ದಂತೆ ನೆನಪು. ಹೆಂಡತಿಯದೇ ಇರಬೇಕು! ಮಂಗಳವಾರ ಸಂಜೆ ಉಳಿ ಹಿಡಿದು 'ಜಯಲಕ್ಷ್ಮಿ' ಎಂದು ಕೆತ್ತಲು ಕೂತರು. ಅಕ್ಷರ ಒಂದೊಂದೇ ಮೂಡುತ್ತಿದ್ದಂತೆ, ತಮಗೇ ತಿಳಿಯದೆ, ಶಾಲೆಯ ಚಪ್ಪಾಳೆಯ ಕತೆಯನ್ನು ಪಾತ್ರೆಗೆ ಹೇಳಿದರು. ಅದೊಂದು ಸಂಜೆ ಮನೆ ಅಷ್ಟು ಖಾಲಿ ಎನಿಸಲಿಲ್ಲ.

ಬುಧವಾರ ಮಧ್ಯಾಹ್ನ ಹೇಳದೆ ಕೇಳದೆ ಜಯಲಕ್ಷ್ಮಮ್ಮ ಬಂದಿಳಿದಳು! ಕಾಳಪ್ಪನವರ ಎದೆ ಹಿಗ್ಗಿತು, ಮರುಕ್ಷಣವೇ ಕುಗ್ಗಿತು. ಅವಳು ನೇರ ಅಡುಗೆಮನೆಗೆ ಹೋಗಿ ಪಾತ್ರೆ ಎತ್ತಿಕೊಂಡಳು.

"ಯಾರ್ ಕೆತ್ತುದ್ರು?"

"ಯಾರಂದ್ರೆ? ಅದು ಮೊದ್ಲಿಂದ್ಲೂ ಇತ್ತಲ್ಲಾ! ನಿನ್ ಪಾತ್ರೆ, ನಿನ್ ಹೆಸ್ರು."

"ಅದ್ರ ಮ್ಯಾಲಿದ್ದುದ್ದು ನಮ್ಮವ್ವನ ಹೆಸ್ರು ಕಣ್ರೀ. ಸಿದ್ದಮ್ಮ ಅಂತ. ಮೂವತ್ ವರ್ಸ ಅದ್ರಲ್ಲೇ ಬೇಯ್ಸಿದ ಅನ್ನ ಉಂಡ್ರಿ, ಒಂದ್ ದಿನನಾದ್ರೂ ಓದಿದ್ರಾ?"

ಜಯಲಕ್ಷ್ಮಮ್ಮ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಊರ್ನೋರ ಉಂಗ್ರಕ್ಕೆಲ್ಲ ಹೆಸ್ರು ಕೆತ್ಕೊಟ್ರಿ. ನನ್ ಹೆಸ್ರು ಕೆತ್ತಿದ್ದು ಇದೇ ಮೊದ್ಲು. ಅದೂ ಕಳ್ತನ ಮುಚ್ಚಾಕಾಕೆ!"

"ನಿಂಗ್ಯಾರ್ ಯೋಳಿದ್ರು?"

"ಕುಳ್ಳಮ್ಮ ಶನಿವಾರವೇ ಫೋನ್ ಮಾಡಿದ್ಲು. ನಿಮ್ ಬಾಯಿಂದ್ಲೇ ಬರ್ಲಿ ಅಂತ ನಾಕು ದಿನ ಕಾದೆ. ನೀವು ದಿನಾ ಮಹಾರಾಜ್ನೇ ಆಗಿದ್ರಿ."

ಹೇಳುತ್ತಲೇ ಅವಳು ಅಟ್ಟದಿಂದ ಗೋಣಿಚೀಲ ಎಳೆದು ಕುಕ್ಕರು, ಮಿಕ್ಸಿ ಜಾರು, ಹಿತ್ತಾಳೆ ಚೊಂಬು, ದೋಸೆಕಾವಲಿ ಒಂದೊಂದೇ ತುಂಬತೊಡಗಿದಳು.

"ಇದೇನ್ ಮಾಡ್ತಿದ್ದೀಯೆ? ಇರಾಕ್ ಬಂದಿಲ್ವಾ?"

"ಅಕ್ಕ ಇನ್ನೂ ಎದ್ ನಿಂತಿಲ್ಲ. ನಾಕ್ ಗಂಟೆ ಬಸ್ಗೆ ವಾಪಸ್. ಗಂಡನ್ನಾದ್ರೂ ಒಬ್ನೇ ಬುಟ್ಟೋಗ್ಬೋದು ಕಣ್ರೀ, ಕುಕ್ಕರ್ನ ಬುಟ್ಟೋಗಾಕಾಯ್ತದಾ?"

ಮೂಟೆಯನ್ನು ಕಾಳಪ್ಪನವರೇ ಹೊತ್ತು ಬಸ್‌ಸ್ಟಾಂಡಿಗೆ ತಂದರು. ಕಂಡಕ್ಟರು ಅಮ್ಮನಿಗೆ ಫ್ರೀ ಟಿಕೆಟ್ಟು, ಮೂಟೆಗೆ ಲಗೇಜು ಟಿಕೆಟ್ಟು ಹರಿದುಕೊಟ್ಟ. ಅವಳು ಕಿಟಕಿಯ ಪಕ್ಕ ಕೂತಳು. ಇಂಜಿನ್ ಗುಡುಗಿದಾಗ ಕಾಳಪ್ಪನವರು ಇಷ್ಟು ದಿನ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತನ್ನು ಕಿಟಕಿಯ ಸರಳು ಹಿಡಿದು ಹೊರಹಾಕಿದರು.

"ಜಯಾ, ಯಾವಾಗ್ ಬತ್ತೀಯೆ? ನೀನಿಲ್ದೆ ನನ್ ಕೈಲಿ ಆಗ್ತಾ ಇಲ್ಲ ಕಣೆ."

ಜಯಲಕ್ಷ್ಮಮ್ಮ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು.

"ಅಕ್ಕ ನಡಿಯೋಗಂಟ ಬರಾಕಾಗಲ್ಲ. ಭಾನ್ವಾರ ನೀವೇ ಬನ್ನಿ, ಬಿಸಿಮುದ್ದೆ ಇಕ್ತೀನಿ," ಎಂದಳು. ಬಸ್ಸು ಹೊರಟಿತು. ಅವಳು ತಲೆ ಹೊರಗೆ ಹಾಕಿ ಇಡೀ ಸ್ಟಾಂಡಿಗೆ ಕೇಳುವಂತೆ ಕೂಗಿದಳು: "ಆದ್ರೆ ಅಡ್ಗೆಮನೆ ಒಳೀಕೆ ಕಾಲಿಟ್ಟೀರಾ, ಜೋಕೆ!"

ಬಸ್ಸಿಗೆ ಬಸ್ಸೇ ನಕ್ಕಿತು. ಕಾಳಪ್ಪನವರೂ ನಕ್ಕರು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ, ಅಲ್ಲೇ ನಿಂತು ಬೆರಳು ಮಡಿಚಿ ಎಣಿಸಿದರು.

ಭಾನುವಾರಕ್ಕೆ ಇನ್ನೂ ನಾಲ್ಕು ದಿನ!